ಎಲ್ಟ್ಸ್ ಕೋಟೆ: ದಾಯಾದಿಗಳು ಹಂಚಿಕೊಂಡು ಬಾಳಿದ ಮನೆ

ಜರ್ಮನಿಯ ಮೋಸೆಲ್ ಸೀಮೆಯ ಕಾಡಿನ ನಡುವೆ, ಹೊಳೆಯೊಂದು ಮೂರು ಕಡೆ ಬಳಸಿ ಹರಿಯುವ ಸುಮಾರು 70 ಮೀಟರ್ ಎತ್ತರದ ಬಂಡೆಯ ಮೇಲೆ ಎಲ್ಟ್ಸ್ ಕೋಟೆ ನಿಂತಿದೆ. ಕೋಟೆಯೆಂದರೆ ಬುರುಜು, ಫಿರಂಗಿ, ಮುತ್ತಿಗೆ ಎಂದುಕೊಂಡು ಹೋದವರು ಇಲ್ಲಿ ಕಾಣುವುದು ಪಾಲಾದ ಒಂದು ದೊಡ್ಡ ಮನೆತನದ ಸಂಸಾರವನ್ನು.

1157ರಲ್ಲಿ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಬರೆಸಿದ ದಾನಪತ್ರಕ್ಕೆ ಸಾಕ್ಷಿಯಾದ ರುಡಾಲ್ಫ್‌ನಿಂದ ಈ ವಂಶದ ದಾಖಲೆ ಆರಂಭವಾಗುತ್ತದೆ. 13ನೆಯ ಶತಮಾನದಲ್ಲಿ ಮೂವರು ಸಹೋದರರು ಆಸ್ತಿ ಹಂಚಿಕೊಂಡರೂ ಕೋಟೆಯನ್ನು ಬಿಟ್ಟು ಹೋಗಲಿಲ್ಲ, ಒಲೆಗಳಷ್ಟೇ ಬೇರೆಯಾದವು. ಕೆಂಪೆನಿಖ್, ರ‍್ಯೂಬೆನಾಖ್, ರೋಡೆನ್‌ಡಾರ್ಫ್ ಎಂಬ ಮೂರು ಕವಲುಗಳೂ ಒಂದೇ ಇಕ್ಕಟ್ಟಾದ ಅಂಗಳದ ಸುತ್ತ ಮನೆ ಕಟ್ಟಿಕೊಂಡವು, ಬಂಡೆಯ ಮೇಲೆ ಅಗಲಕ್ಕೆ ಜಾಗವಿಲ್ಲದ್ದರಿಂದ ಎತ್ತರಕ್ಕೇ ಬೆಳೆದವು. ಕೋಟೆಯ ಆ ಪ್ರಸಿದ್ಧ ಚೂಪು ಮಾಡುಗಳ ಗುಂಪಿಗೆ ಕಾರಣ ಇದೇ. ನಿಜವಾದ ಯುದ್ಧ ನಡೆದದ್ದು 1331ರಿಂದ 1336ರವರೆಗೆ, ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಎದುರು ಗುಡ್ಡದಲ್ಲಿ ಪುಟ್ಟ ಕೋಟೆಯೊಂದನ್ನು ಕಟ್ಟಿ ಕಾಡಿದಾಗ.

ಒಳಗಿನ ಕೋಣೆಗಳನ್ನು ಮಾರ್ಗದರ್ಶಿಯೊಂದಿಗೆ ಮಾತ್ರ ನೋಡಬಹುದು. ಸುಮಾರು 40 ನಿಮಿಷ ಹಿಡಿಯುತ್ತದೆ. 1472ರ ರ‍್ಯೂಬೆನಾಖ್ ಮನೆಯಲ್ಲಿ ಚಿತ್ರಕಾರ ಹಿರಿಯ ಲೂಕಾಸ್ ಕ್ರಾನಾಖ್‌ನ ಮಡೋನಾ, ಅಂದರೆ ಮಾತೆ ಮೇರಿಯ ಚಿತ್ರವಿದೆ. ಮಲಗುವ ಕೋಣೆಯ ಗೋಡೆಯ ತುಂಬ ಬಳ್ಳಿಗಳ ಚಿತ್ತಾರವಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಎಲ್ಲ ಕವಲುಗಳಿಗೂ ಸೇರಿದ್ದ ವೀರರ ಸಭಾಂಗಣ. ಅಲ್ಲಿನ ವಿದೂಷಕರ ಮುಖಗಳು ಇಲ್ಲಿ ಯಾರು ಏನನ್ನಾದರೂ ಆಡಬಹುದು ಎಂದರೆ, ಬಾಗಿಲ ಮೇಲಿನ ಗುಲಾಬಿ ಆಡಿದ ಮಾತು ಹೊಸಿಲು ದಾಟಬಾರದು ಎನ್ನುತ್ತದೆ. ಪಾಲಾದ ಮನೆಗಳಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ರೋಡೆನ್‌ಡಾರ್ಫ್ ಮನೆಯ 15ನೆಯ ಶತಮಾನದ ಅಡುಗೆಮನೆಯೂ ಅಷ್ಟೇ ಜೀವಂತವಾಗಿದೆ. ಅದರ ಮುಂದೆ, ಚಿನ್ನಬೆಳ್ಳಿಯೂ ಸೇರಿ 500ಕ್ಕೂ ಹೆಚ್ಚು ವಸ್ತುಗಳಿರುವ ಖಜಾನೆ ನನಗೆ ಸಪ್ಪೆಯೆನಿಸಿತು.

1815ರಲ್ಲಿ ಪಾಲುಗಳೆಲ್ಲ ಕೆಂಪೆನಿಖ್ ಕವಲಿನ ಕೈಸೇರಿದವು. 1845ರಿಂದ 1888ರವರೆಗೆ ಕೌಂಟ್ ಕಾರ್ಲ್ ಕೋಟೆಯನ್ನು ಜೀರ್ಣೋದ್ಧಾರ ಮಾಡಿಸಿದ್ದು ಹಳೆಯ ರೂಪ ಕೆಡದಂತೆ. ಆ ಕಾಲದ ಮಟ್ಟಿಗೆ ಇದು ಅಪರೂಪದ ಸಂಯಮ. ಇಂದಿಗೂ ಒಡೆತನ ಅದೇ ಕವಲಿನದು, ಅವರ ಮನೆಯೊಳಕ್ಕೆ ಸಂದರ್ಶಕರಿಗೆ ಪ್ರವೇಶವಿಲ್ಲ. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ, ಕೋಣೆಗಳೊಳಗೆ ಫೋಟೊ ತೆಗೆಯುವಂತಿಲ್ಲ; ಚಿತ್ರ ಬೇಕಿದ್ದವರು ಎದುರು ಗುಡ್ಡದ ಹಾದಿಯಿಂದಲೇ ತೆಗೆದುಕೊಳ್ಳಬೇಕು.