ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್: ಸ್ಕ್ರೀನ್‌ಶಾಟಿಗೆ ಇಷ್ಟು ಸಾಕು, ಆದರೆ ಉಳಿಸುವುದನ್ನು ಕಲಿತಿರಬೇಕು

ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು ಎಂದು ಹುಡುಕುವವರು ಬಹಳ. ವಿಂಡೋಸ್ 11 ಇದ್ದರೆ ಹೊಸದೇನೂ ಬೇಡ, ಅದರ ಜೊತೆಗೇ ಬರುವ ಸ್ನಿಪ್ಪಿಂಗ್ ಟೂಲ್ ಸಾಕು. ವಿಂಡೋಸ್ ವಿಸ್ಟಾ ಕಾಲದಿಂದ ಇದ್ದ ಹಳೆಯ ಟೂಲನ್ನೂ 2018ರಲ್ಲಿ ವಿಂಡೋಸ್ 10ಕ್ಕೆ ಸೇರಿದ್ದ ಸ್ನಿಪ್ ಅಂಡ್ ಸ್ಕೆಚ್ಚನ್ನೂ 2021ರಲ್ಲಿ ಕೂಡಿಸಿ ಮಾಡಿದ್ದು ಇದು.

ವಿಂಡೋಸ್, ಶಿಫ್ಟ್, ಎಸ್ ಮೂರೂ ಕೀ ಒಟ್ಟಿಗೆ ಒತ್ತಿ. ಸ್ಕ್ರೀನ್ ಮಂಕಾಗಿ ಮೇಲೆ ಸಣ್ಣ ಪಟ್ಟಿ ಬರುತ್ತದೆ. ಚೌಕ, ಒಂದೇ ವಿಂಡೋ, ಇಡೀ ಸ್ಕ್ರೀನ್, ಕೈಯಾರೆ ಗೆರೆ ಎಳೆದು ಸುತ್ತಿದ ಆಕಾರ, ಹೀಗೆ ನಾಲ್ಕು ಬಗೆ. ಹೆಚ್ಚಿನ ಕೆಲಸಕ್ಕೆ ಚೌಕವೇ ಸರಿ.

ತೊಡಕು ಶುರುವಾಗುವುದು ಇದರ ನಂತರ. ಚಿತ್ರ ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ತಾತ್ಕಾಲಿಕವಾಗಿ ಇರುವ ಜಾಗಕ್ಕೆ, ಹೋಗುತ್ತದೆ, ಮೂಲೆಯಲ್ಲಿ ಒಂದು ಸೂಚನೆ ಬಂದು ಮಾಯವಾಗುತ್ತದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿದ್ದರೆ ಆ ಸೂಚನೆಯೂ ಕಾಣದೆ, ಚಿತ್ರವೇ ಬರಲಿಲ್ಲ ಎಂದುಕೊಳ್ಳುವುದುಂಟು. ವರ್ಡ್ ಅಥವಾ ಪೇಂಟ್ ತೆರೆದು ಕಂಟ್ರೋಲ್ ವಿ ಒತ್ತಿ ನೋಡಿ, ಅಲ್ಲೇ ಇರುತ್ತದೆ. ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರಿನಲ್ಲೂ ಒಂದು ಪ್ರತಿ ತಾನಾಗಿ ಸೇರುತ್ತದೆ. ಸೇರದಿದ್ದರೆ ಟೂಲಿನ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಆಫ್ ಆಗಿದೆಯೇ ನೋಡಿ. ಒನ್‌ಡ್ರೈವ್ ಬ್ಯಾಕಪ್ ಇದ್ದವರು ಒನ್‌ಡ್ರೈವಿನ ಒಳಗಿರುವ ಪಿಕ್ಚರ್ಸ್ ನೋಡಬೇಕು. ಹೀಗೆ ತಾನಾಗಿ ಉಳಿಯುವುದು ಮೂಲ ಚಿತ್ರ ಮಾತ್ರ. ಬಾಣ ಎಳೆದು, ಕತ್ತರಿಸಿ ತಿದ್ದಿದ್ದನ್ನು ಕಂಟ್ರೋಲ್ ಎಸ್ ಒತ್ತಿ ನೀವೇ ಉಳಿಸಬೇಕು. ಅಂದರೆ ಮುಚ್ಚಿಡಬೇಕೆಂದಿದ್ದ ಭಾಗವೂ ಸೇರಿದ ಮೂಲ ಪ್ರತಿ ಫೋಲ್ಡರಿನಲ್ಲಿ ಹಾಗೇ ಕೂತಿರುತ್ತದೆ. ಕಳಿಸುವಾಗ ಯಾವ ಫೈಲ್ ಎಂದು ಎರಡು ಸಲ ನೋಡಿಕೊಳ್ಳಿ.

ಖಾತೆ ಸಂಖ್ಯೆ ಮರೆಮಾಡಲು ಹೈಲೈಟರ್ ಬಳಸುವುದು ದೊಡ್ಡ ತಪ್ಪು. ಅದರ ಬಣ್ಣ ಪಾರದರ್ಶಕ, ಅಡಿಯ ಅಂಕೆಗಳು ಓದಲು ಬರುತ್ತವೆ. ತುಂಬು ಬಣ್ಣದ ಚೌಕ ಇಡಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ. 2023ರ ಮಾರ್ಚಿನಲ್ಲಿ ಈ ಕತ್ತರಿಸುವುದರಲ್ಲೇ ಒಂದು ದೋಷ ಸಿಕ್ಕಿತ್ತು. ಕತ್ತರಿಸಿದ ಚಿತ್ರವನ್ನು ಅದೇ ಫೈಲಿನ ಮೇಲೆ ಉಳಿಸಿದರೆ ಹಳೆಯ ಭಾಗದ ಮಾಹಿತಿ ಫೈಲಿನ ಕೊನೆಯಲ್ಲಿ ಉಳಿದುಬಿಡುತ್ತಿತ್ತು. ಮೈಕ್ರೋಸಾಫ್ಟ್ ಅದೇ ತಿಂಗಳು ಸರಿಪಡಿಸಿತು. ಆ್ಯಪ್ ಅಪ್‌ಡೇಟ್ ಮಾಡದೇ ಬಿಟ್ಟವರು ಮೈಕ್ರೋಸಾಫ್ಟ್ ಸ್ಟೋರಿಗೆ ಹೋಗಿ ಮಾಡಿಕೊಳ್ಳಿ.

ಮೌಸ್ ಸರಿಸಿದ ಕೂಡಲೇ ಮಾಯವಾಗುವ ಮೆನು ಹಿಡಿಯಲು ಟೂಲನ್ನೇ ತೆರೆದು 3, 5 ಅಥವಾ 10 ಸೆಕೆಂಡ್ ತಡ ಇಟ್ಟು ‘ನ್ಯೂ’ ಒತ್ತಿ, ಅಷ್ಟರಲ್ಲಿ ಮೆನು ತೆರೆದುಕೊಳ್ಳಿ. ಪ್ರಿಂಟ್‌ಸ್ಕ್ರೀನ್ ಕೀ ಒತ್ತಿದರೆ ಸ್ಕ್ರೀನ್‌ಶಾಟ್ ಬರದೆ ಬೇರೇನೋ ಆಗುತ್ತದೆ ಎನ್ನುವವರ ಲ್ಯಾಪ್‌ಟಾಪಿನಲ್ಲಿ ಆ ಕೀಗೆ ಎರಡು ಕೆಲಸ ಇರುತ್ತದೆ, ಎಫ್‌ಎನ್ ಜೊತೆಗೆ ಒತ್ತಬೇಕು. ವಿಂಡೋಸ್ ಕೀ ಜೊತೆ ಪ್ರಿಂಟ್‌ಸ್ಕ್ರೀನ್ ಒತ್ತಿದರೆ ಇಡೀ ಸ್ಕ್ರೀನ್ ನೇರ ಫೈಲಾಗುತ್ತದೆ. ಎರಡು ಮಾನಿಟರ್ ಇದ್ದರೆ ಎರಡೂ ಒಂದೇ ಚಿತ್ರದಲ್ಲಿ. ಆಲ್ಟ್ ಜೊತೆ ಒತ್ತಿದರೆ ತೆರೆದಿರುವ ಒಂದು ವಿಂಡೋ ಮಾತ್ರ, ಅದೂ ಕ್ಲಿಪ್‌ಬೋರ್ಡಿಗೆ.

ಚಿತ್ರದಿಂದ ಅಕ್ಷರ ಎತ್ತಿಕೊಡುವ ಸೌಲಭ್ಯ ಇಂಗ್ಲಿಷಿಗೆ ಒಳ್ಳೆಯದು, ಕನ್ನಡಕ್ಕೆ ನೆಚ್ಚಿಕೊಳ್ಳಬೇಡಿ. ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದವರಿಗೆ ತುರ್ತಾಗಿ ತೋರಿಸಬೇಕಾದಾಗ ಮಾತ್ರ ಸ್ಕ್ರೀನ್‌ಶಾಟಿನಷ್ಟು ಸಲೀಸು ಇನ್ನೊಂದಿಲ್ಲ. ಮೊದಲು ಪುಟವನ್ನು 150 ಪ್ರತಿಶತ ಹಿಗ್ಗಿಸಿ ಆಮೇಲೆ ತೆಗೆಯಿರಿ, ಒತ್ತಕ್ಷರಗಳು ಸ್ಪಷ್ಟವಾಗಿ ಬರುತ್ತವೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿ ಮಸುಕು ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ನಿಜವಾದ ಕೊರತೆ ಒಂದೇ: ಉದ್ದ ಪುಟವನ್ನು ಕೆಳಗಿನವರೆಗೂ ಹಿಡಿಯುವುದು ಇದಕ್ಕೆ ಬರುವುದಿಲ್ಲ. ವೆಬ್ ಪುಟವಾದರೆ ಎಡ್ಜ್ ಅಥವಾ ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಪೂರ್ಣ ಪುಟದ ಆಯ್ಕೆ ತೆಗೆದುಕೊಳ್ಳಿ. ಸ್ಕ್ರಾಲ್ ಮಾಡುತ್ತಾ ಐದಾರು ತುಂಡು ತೆಗೆದು ಜೋಡಿಸುವ ಶ್ರಮ ತಪ್ಪುತ್ತದೆ.