ಮರೀನ್ ಡ್ರೈವ್: ಬಾಲ್ಕನಿಯೋ, ಟೆರೇಸೋ, ಜಿಮ್ಖಾನಾ ಜಗಲಿಯೋ?

ಮುಂಬೈಗೆ ಹೋದಾಗೆಲ್ಲ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ಶೇಂಗಾ ತಿಂದು ಬರುತ್ತಿದ್ದೆ. ಬೆನ್ನ ಹಿಂದಿನ ಕಟ್ಟಡಗಳ ಒಳಗೆ ಹೇಗಿರುತ್ತೆ? ಈ ಸಲ ನೋಡೇಬಿಡೋಣ ಅನ್ನಿಸಿತು. ಮೂರು ಸಂಜೆ, ಮೂರು ಜಾಗ.

ಮೊದಲು ಸೀ ಗ್ರೀನ್ ಹೋಟೆಲ್. ಹೆಸರಿಗೆ ತಕ್ಕ ಹಾಗೆ ಬಾಲ್ಕನಿಗಳಿಗೆಲ್ಲ ಹಸಿರು ಬಣ್ಣ. ರೂಮಿನಲ್ಲಿ ಆಡಂಬರ ಏನಿಲ್ಲ, ಇಲ್ಲಿಗೆ ಬರೋದೇ ಬಾಲ್ಕನಿಗೆ. ಕಂಬಿ ಮೇಲೆ ಕೈ ಇಟ್ಟರೆ ಉಪ್ಪು ಅಂಟುತ್ತದೆ. ಚಹಾ ಮುಗಿಯುವಷ್ಟರಲ್ಲಿ ಬೀದಿ ದೀಪಗಳು ಹತ್ತಿದವು. ಹಿಂದೊಮ್ಮೆ ಬೇರೊಂದು ಹೋಟೆಲಿನಲ್ಲಿ (ಹೆಸರು ಬೇಡ ಬಿಡಿ) 'ಸೀ ವ್ಯೂ' ಅಂತ ದುಡ್ಡು ಕೊಟ್ಟು, ಕಿಟಕಿಯಿಂದ ಕತ್ತು ಹೊರಗೆ ಚಾಚಿ ಸಮುದ್ರ ನೋಡಿದ್ದೆ!

ಎರಡನೆಯದು ಇಂಟರ್‌ಕಾಂಟಿನೆಂಟಲ್‌ನ ಟೆರೇಸ್ ಬಾರ್. ಹಿಂದೆ ಇದೇ ಜಾಗದಲ್ಲಿ ನಟರಾಜ್ ಹೋಟೆಲ್ ಇತ್ತು. ಮರೀನ್ ಡ್ರೈವ್‌ಗೆ 'ಕ್ವೀನ್ಸ್ ನೆಕ್ಲೇಸ್' (ರಾಣಿಯ ಕಂಠಹಾರ) ಅನ್ನೋ ಹೆಸರು ಯಾಕೆ ಬಂತು ಅಂತ ಗೊತ್ತಾಗೋದು ಇಲ್ಲೇ, ದೀಪದ ಸರ ಪೂರ್ತಿ ಕಾಣುತ್ತದೆ. ಅಲೆಯ ಸದ್ದು ಮಾತ್ರ ಅಷ್ಟು ಎತ್ತರಕ್ಕೆ ಬರಲ್ಲ. ನನ್ನ ಒಂದೇ ಗ್ಲಾಸನ್ನು ಒಂದೂವರೆ ಗಂಟೆ ಎಳೆದೆ.

ಮೂರನೆಯದು ಹಿಂದೂ ಜಿಮ್ಖಾನಾ, ಅಂದರೆ ಆಟದ ಕ್ಲಬ್ಬು. ಪರಿಚಯದ ಸದಸ್ಯರೊಬ್ಬರು ಕರೆದುಕೊಂಡು ಹೋದರು. ಪಾರ್ಸಿ ಜಿಮ್ಖಾನಾ 1885ರದ್ದು, ಇಸ್ಲಾಂ 1892, ಇದು 1894. ಈಗಿನ ರಸ್ತೆಗಿಂತ ಇವೇ ಹಳೆಯವು. ಒಂದು ಕಾಲಕ್ಕೆ ಇಲ್ಲಿ ಕ್ರಿಕೆಟ್ ತಂಡಗಳೂ ಧರ್ಮದ ಲೆಕ್ಕದಲ್ಲೇ ಆಡುತ್ತಿದ್ದವು. ನನಗೆ ನೆನಪಾದದ್ದು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲು. ಎಡಗೈ ಸ್ಪಿನ್ನರ್, ದಲಿತ. ಪುಣೆಯಲ್ಲಿ ಜೊತೆಗೆ ಆಡುವವರೇ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರಂತೆ. ಆದರೆ ಯುರೋಪಿಯನ್ನರನ್ನು ಸೋಲಿಸಬೇಕು ಅಂದಾಗ ಬಾಲು ಬೇಕಾದರು. 1906ರಲ್ಲಿ ಹಿಂದೂ ತಂಡ ಗೆದ್ದೇಬಿಟ್ಟಿತು. ನಾಯಕತ್ವ ಮಾತ್ರ ಬಾಲುವಿಗೆ ಸಿಗಲಿಲ್ಲ, 1923ರಲ್ಲಿ ತಮ್ಮ ವಿಠಲ್‌ಗೆ ಸಿಕ್ಕಿತು. ಕೈಯಲ್ಲಿದ್ದ ಪಿಂಗಾಣಿ ಕಪ್ಪನ್ನು ಒಂದು ಸಲ ತಿರುಗಿಸಿ ನೋಡಿದೆ.

ಮೈದಾನದಲ್ಲಿ ಹುಡುಗರು ನೆಟ್ಸ್‌ನಲ್ಲಿದ್ದರು. ಆ ಕಡೆಯಿಂದ ಲೋಕಲ್ ಟ್ರೇನ್ ಸದ್ದು. ಸಮುದ್ರ ಇಷ್ಟು ಹತ್ತಿರ ಇದ್ದರೂ ಅಲ್ಲಿದ್ದವರು ಯಾರೂ ಅದನ್ನು ನೋಡುತ್ತಿರಲಿಲ್ಲ. ನಾನೂ ಅಷ್ಟೇ.

ನನ್ನ ಆಯ್ಕೆ ಕೇಳಿದರೆ, ಮಲಗೋದಕ್ಕೆ ಬಾಲ್ಕನಿ ಇರೋ ರೂಮು, ಮಧ್ಯಾಹ್ನಕ್ಕೆ ಯಾರನ್ನಾದರೂ ಕಾಡಿಬೇಡಿ ಜಿಮ್ಖಾನಾ. ಟೆರೇಸಿಗೆ ಬಿಲ್ ಕೊಡುವವರು ಬೇರೆ ಯಾರಾದರೂ ಇದ್ದರೆ ಖಂಡಿತ ಬರುತ್ತೇನೆ.