ನೇಪಾಳಕ್ಕೆ ದುಡ್ಡು ಒಯ್ಯೋದು ಹೇಗೆ: ನೂರರ ಕಟ್ಟು, ಎಟಿಎಂ ಕಾರ್ಡು, ಕ್ಯೂಆರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೂರರ ನೋಟಿನ ಕಟ್ಟಿಗೆ. ಪಶುಪತಿನಾಥ, ಪೋಖರಾ, ಮುಕ್ತಿನಾಥ ಅಂತ ಹತ್ತು ದಿನಕ್ಕೆ ದಾವಣಗೆರೆಯಿಂದ ಹೊರಡುವ ತಂಡಗಳಲ್ಲಿ "ಈಗೆಲ್ಲ ಕಾರ್ಡ್ ನಡೀತೈತಿ ಬಿಡ್ರಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ನಡೆಯುತ್ತದೆ, ಸುಳ್ಳಲ್ಲ. ಎಷ್ಟು ಮುರಿದುಕೊಂಡು ನಡೆಯುತ್ತದೆ ಅನ್ನುವುದನ್ನು ಮಾತ್ರ ಯಾರೂ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಶುರುವಾಗುವುದು ದರದಿಂದ. 1993ರಿಂದ ನೇಪಾಳಿ ರೂಪಾಯಿಯನ್ನು ನಮ್ಮ ರೂಪಾಯಿಗೆ ಕಟ್ಟಿಹಾಕಿದ್ದಾರೆ: ನಮ್ಮ 100ಕ್ಕೆ ಅವರ 160. ಡಾಲರ್ ಏರಲಿ ಇಳಿಯಲಿ, ಈ ದರ ಅಲ್ಲಾಡುವುದಿಲ್ಲ. ಅಲ್ಲಿನ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕಿನ ಪಟ್ಟಿಯಲ್ಲಿ ನಮ್ಮ ನೂರರ ಖರೀದಿ ದರ 160.00, ಮಾರಾಟ ದರ 160.15. ಅಂದರೆ 10,000ದ ಒಂದು ಕಟ್ಟು ಕೊಟ್ಟರೆ 16,000 ಸಿಗುತ್ತದೆ. ಏನೂ ಖರ್ಚು ಮಾಡದೆ ಅಷ್ಟನ್ನೂ ವಾಪಸ್ ಕೊಟ್ಟರೆ ಕೈಗೆ ಬರುವುದು ಸುಮಾರು 9,990. ಹೋಗಿ ಬಂದ ನಷ್ಟ ಹತ್ತು ರೂಪಾಯಿ! ಇದು ಬ್ಯಾಂಕಿನ ದರ. ಗಡಿಯ ಸಟಹಿ ಅಂಗಡಿಯವರು, ಅಂದರೆ ದುಡ್ಡು ಬದಲಿಸಿಕೊಡುವವರು, ತಮ್ಮ ಕಮಿಷನ್ ಮುರಿದುಕೊಳ್ಳುತ್ತಾರೆ. ಆದರೂ ಕಾರ್ಡಿಗಿಂತ ಎಷ್ಟೋ ವಾಸಿ.

ನೂರರ ನೋಟೇ ಯಾಕೆ ಅಂದರೆ, 2016ರಲ್ಲಿ ನಮ್ಮಲ್ಲಿ ನೋಟು ರದ್ದಾದಾಗ ನೇಪಾಳದವರ ಕೈಯಲ್ಲಿದ್ದ ಹಳೇ 500, 1000ದ ನೋಟುಗಳು ಹಾಗೇ ಉಳಿದುಬಿಟ್ಟವು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ 200, 500, 2000ದ ಭಾರತೀಯ ನೋಟುಗಳನ್ನು ನಿಷೇಧಿಸಿತು. ಈ ನಿಯಮ ಸಡಿಲಿಸುವ ಮಾತು ಆಗಾಗ ಬರುತ್ತಲೇ ಇರುತ್ತದೆ, ಹೊರಡುವ ವಾರ ಹೊಸ ಸುತ್ತೋಲೆ ಏನಾದರೂ ಬಂದಿದೆಯಾ ನೋಡಿಕೊಳ್ಳಿ. ಸುತ್ತೋಲೆ ಏನೇ ಹೇಳಲಿ, ಪೋಖರಾದ ಚಹಾ ಅಂಗಡಿಯವನ ಕೈಗೆ 500ರ ನೋಟು ಕೊಟ್ಟು ವಾದ ಮಾಡುತ್ತ ನಿಲ್ಲುವ ಬದಲು ನೂರು ಕೊಟ್ಟು ಹೊರಡುವುದೇ ಸುಖ.

ಕಟ್ಟು ಹೊಂದಿಸುವುದಕ್ಕೇ ಸ್ವಲ್ಪ ಓಡಾಡಬೇಕು. ನಮ್ಮೂರ ಎಟಿಎಂಗಳು ಹೆಚ್ಚಾಗಿ 500ನ್ನೇ ಉಗುಳುತ್ತವೆ. ಬೆಣ್ಣೆ ದೋಸೆ ಹೋಟೆಲಲ್ಲೂ ಕ್ಯೂಆರ್ ಬಂದಮೇಲೆ ಗಲ್ಲಾಪೆಟ್ಟಿಗೆಯಲ್ಲಿ ನೂರರ ನೋಟು ಕೇಳಿ ಪಡೆಯುವ ಕಾಲ ಹೋಯಿತು. ಹಾಗಾಗಿ ಖಾತೆ ಇರುವ ಶಾಖೆಯಲ್ಲೇ ಎರಡು ಮೂರು ದಿನ ಮೊದಲು ಕ್ಯಾಷಿಯರ್‌ಗೆ ಹೇಳಿಡಿ, "ನೂರರದ್ದು ಮೂರು ಕಟ್ಟು ಬೇಕ್ರಿ, ಹೊಸ ನೋಟೇ ಕೊಡ್ರಿ" ಅಂತ. 2018ರಲ್ಲಿ ಬಂದ ತಿಳಿನೇರಳೆ ಬಣ್ಣದ ನೋಟೇ ಆದರೆ ಒಳ್ಳೆಯದು. ಅದು 142 ಮಿ.ಮೀ. ಉದ್ದ, 66 ಮಿ.ಮೀ. ಅಗಲ. ಹಳೇ ನೂರರ ನೋಟು 157ಕ್ಕೆ 73. ಈ ವ್ಯತ್ಯಾಸ ಸೊಂಟದ ಚೀಲದೊಳಗೆ ತುರುಕುವಾಗ ಗೊತ್ತಾಗುತ್ತದೆ. ಕೌಂಟರ್ ಬಿಡುವ ಮೊದಲು ಕಟ್ಟು ಬಿಚ್ಚಿ ತಿರುವಿ ಹಾಕಿ: ಟೇಪ್ ಹಚ್ಚಿದ್ದು, ಮೂಲೆ ಹರಿದದ್ದು, ಪೆನ್ನಿನಲ್ಲಿ ಬರೆದದ್ದು ಇದ್ದರೆ ಅಲ್ಲೇ ಬದಲಿಸಿಕೊಳ್ಳಿ. ಇಲ್ಲಿ ಹೇಗೋ ಸಾಗಹಾಕುವ ನೋಟು ಅಲ್ಲಿ ಸಾಗುವುದಿಲ್ಲ.

ಅಂಗಡಿಯಲ್ಲಿ ಬೆಲೆ ಕೇಳಿದಾಗ ಅವರು ಹೇಳುವ "ಐಸಿ", "ಎನ್‌ಸಿ" ಮೇಲೆ ಕಿವಿ ಇರಲಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದು. 800 ಅಂದರೆ ಯಾವುದರಲ್ಲಿ 800 ಅಂತ ಕೇಳಿಯೇ ಕೈ ಜೇಬಿಗೆ ಹೋಗಲಿ. ಎನ್‌ಸಿ ಆದರೆ ನಮ್ಮ 500, ಐಸಿ ಆದರೆ ಪೂರ್ತಿ 800. ನೂರು ಕೊಟ್ಟಾಗ 160ರ ಬದಲು 150 ಅಂತ ಹಿಡಿದು ಚಿಲ್ಲರೆ ಕೊಡುವವರೂ ಇದ್ದಾರೆ. ಅದಕ್ಕೇ ಎಲ್ಲವನ್ನೂ ಐಸಿಯಲ್ಲೇ ಖರ್ಚು ಮಾಡಬೇಡಿ. ಕಠ್ಮಂಡು ಮುಟ್ಟಿದ ದಿನವೇ ಒಂದು ಕಟ್ಟನ್ನು ಬ್ಯಾಂಕಿನಲ್ಲೋ ಪರವಾನಗಿ ಇರುವ ಕೌಂಟರಿನಲ್ಲೋ ಎನ್‌ಸಿ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಅವರ ನೋಟುಗಳ ಮುಂಭಾಗದಲ್ಲಿ ಅಂಕಿ ದೇವನಾಗರಿಯಲ್ಲಿರುತ್ತದೆ. ಹಿಂದಿ ಬಾರದ ಹಿರಿಯರಿಗೆ ಹಿಂಭಾಗದ ಪ್ರಾಣಿ ತೋರಿಸಿ ಹೇಳಿಕೊಟ್ಟರೆ ಸಾಕು: ಆನೆ ಸಾವಿರ, ಹುಲಿ ಐನೂರು, ಘೇಂಡಾಮೃಗ ನೂರು.

ಇನ್ನು ಕಾರ್ಡು. ಅದರ ದೊಡ್ಡ ಕಿರಿಕಿರಿ ಶುಲ್ಕ ಅಲ್ಲ, ಬೀಗ.

ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸದಾಗಿ ಕೊಡುವ ಅಥವಾ ಬದಲಿಸಿ ಕೊಡುವ ಕಾರ್ಡು ದೇಶದೊಳಗೆ ಮಾತ್ರ ನಡೆಯುತ್ತದೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಕಠ್ಮಂಡುವಿನ ಪ್ರವಾಸಿಗರ ಬಡಾವಣೆ ಠಮೇಲಿನ ಎಟಿಎಂಗೆ ಕಾರ್ಡು ಹಾಕಿದರೆ ವ್ಯವಹಾರ ತಿರಸ್ಕೃತ ಅಂತ ಬರುತ್ತದೆ, ಕಾರಣ ಬರುವುದಿಲ್ಲ. ಪಿನ್ ತಪ್ಪಾಯಿತೇನೋ ಅಂತ ಬೇರೆ ಬೇರೆ ನಂಬರ್ ಒತ್ತಿದರೆ ಕಾರ್ಡೇ ಬ್ಲಾಕ್ ಆಗಬಹುದು. ಸರಿ, ಆ್ಯಪ್‌ನಲ್ಲಿ ಆನ್ ಮಾಡೋಣ ಅಂದರೆ ಅದು ಒಟಿಪಿ ಕೇಳುತ್ತದೆ. ಒಟಿಪಿ ಬರುವುದು ಊರಿನ ನಂಬರಿಗೆ. ಆ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿಲ್ಲ, ಹಾಗಾಗಿ ಸಿಗ್ನಲ್ಲೇ ಇಲ್ಲ. ಹೋಟೆಲಿನ ವೈಫೈ ಹಿಡಿದು ಕುಳಿತರೂ ಎಸ್ಸೆಮ್ಮೆಸ್ ಬರುವುದಿಲ್ಲ. ಅಗ್ಗ ಅಂತ ನೇಪಾಳದ ಸಿಮ್ ಹಾಕಿ ಊರಿನ ಸಿಮ್ ಪರ್ಸಿಗೆ ಸೇರಿಸಿದ್ದರಂತೂ ಮುಗಿಯಿತು. ಒಂದು ಸ್ವಿಚ್ ಊರಲ್ಲೇ ಒತ್ತದೆ ಬಂದದ್ದಕ್ಕೆ ಇಷ್ಟೆಲ್ಲ.

ಹಾಗಾಗಿ ದಾವಣಗೆರೆ ಬಿಡುವ ಮೊದಲೇ ಬ್ಯಾಂಕ್ ಆ್ಯಪ್ ತೆರೆದು ಕಾರ್ಡ್ ವಿಭಾಗದಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಅದರೊಳಗೆ ಎಟಿಎಂ ಅನ್ನುವುದನ್ನು ಪ್ರತ್ಯೇಕವಾಗಿ ಆನ್ ಮಾಡಿ, ದಿನದ ಮಿತಿ ಸೊನ್ನೆ ಇದ್ದರೆ ಏರಿಸಿ. ಮಿತಿ ಸೊನ್ನೆಯಲ್ಲೇ ಬಿಟ್ಟು "ಆನ್ ಮಾಡೀನಲ್ಲ" ಅನ್ನುವವರೇ ಜಾಸ್ತಿ. ಆಮೇಲೆ ಕನಿಷ್ಠ ಮೊತ್ತದ ರೋಮಿಂಗ್ ಪ್ಯಾಕ್ ಒಂದನ್ನು ಹಾಕಿಸಿ, ಒಟಿಪಿ ಬಂದರೆ ಸಾಕು ಅನ್ನುವಷ್ಟು.

ಬೀಗ ತೆಗೆದಮೇಲೆ ಶುಲ್ಕ. ಬಹಳಷ್ಟು ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 500 ನೇಪಾಳಿ ರೂಪಾಯಿ ಆಸುಪಾಸು ಹಿಡಿಯುತ್ತವೆ, ಅಂದರೆ ನಮ್ಮ 312. ನಮ್ಮ ಬ್ಯಾಂಕು 125 ರೂಪಾಯಿ ಶುಲ್ಕ, ಶೇ 3 ವಿನಿಮಯ ಮಾರ್ಕಪ್ (ಅಂದರೆ ದರದ ಮೇಲೆ ಸೇರಿಸುವ ಹೆಚ್ಚುವರಿ), ಎರಡರ ಮೇಲೂ ಶೇ 18 ಜಿಎಸ್‌ಟಿ ಹಾಕುತ್ತದೆ ಅಂತಿಟ್ಟುಕೊಳ್ಳಿ. ನೇಪಾಳಿ 20,000 ತೆಗೆದರೆ, ಅಂದರೆ ನಮ್ಮ 12,500ಕ್ಕೆ, ಸುಮಾರು 900 ಹೋಯಿತು. ಬರೀ 5,000 ತೆಗೆದರೆ, ಅಂದರೆ ನಮ್ಮ 3,125ಕ್ಕೆ, 570 ಹೋಯಿತು, ನೂರಕ್ಕೆ ಹದಿನೆಂಟು! ಮೀಟರ್ ಬಡ್ಡಿಯವರೂ ನಾಚಬೇಕು. ತೆಗೆಯಲೇಬೇಕಾದರೆ ಒಂದೇ ಸಲ ದೊಡ್ಡ ಮೊತ್ತ ತೆಗೆಯಿರಿ. ಬ್ಯಾಲೆನ್ಸ್ ನೋಡಲು ಕಾರ್ಡು ಹಾಕಬೇಡಿ, ಕೆಲವು ಬ್ಯಾಂಕು ಅದಕ್ಕೂ ಹಿಡಿಯುತ್ತವೆ. ಪರದೆಯ ಮೇಲೆ ನಿಮ್ಮ ದೇಶದ ಕರೆನ್ಸಿಯಲ್ಲೇ ಕಡಿತ ಮಾಡಲೇ ಅಂತ ಕೇಳಿದರೆ ಬೇಡ ಅನ್ನಿ. ಹೂಂ ಅಂದರೆ ದರ ಅವರದ್ದೇ.

ಇನ್ನೊಂದು ಮಾತು. ನಮ್ಮ ದಸರಾ ರಜೆಗೇ ಅವರ ದಶೈಂ ಬರುತ್ತದೆ. ಬ್ಯಾಂಕುಗಳು ದಿನಗಟ್ಟಲೆ ಮುಚ್ಚುತ್ತವೆ, ಎಟಿಎಂಗಳು ಬರಿದಾಗುತ್ತವೆ. ಮಕ್ಕಳ ರಜೆ ನೋಡಿಕೊಂಡು ಹೋಗುವ ನಮ್ಮ ಕಡೆಯವರು ಹೋಗಿ ಸಿಕ್ಕಿಕೊಳ್ಳುವುದು ಸರಿಯಾಗಿ ಅಲ್ಲೇ. ಬೇರೆ ದಿನಗಳಲ್ಲೂ ಅಲ್ಲಿ ವಾರದ ರಜೆ ಶನಿವಾರ.

ಕ್ಯೂಆರ್ ವಿಷಯದಲ್ಲಿ ನನಗೆ ಅರ್ಧ ಪ್ರೀತಿ. 2024ರ ಮಾರ್ಚಿನಿಂದ ನಮ್ಮ ಯುಪಿಐ ನೇಪಾಳದ ಫೋನ್‌ಪೇ ಕ್ಯೂಆರ್ ಮೇಲೆ ನಡೆಯುತ್ತದೆ. ಇದು ಎಫ್ ಅಕ್ಷರದ ಫೋನ್‌ಪೇ, ನಮ್ಮ ಪಿ ಅಕ್ಷರದ ಫೋನ್‌ಪೇ ಅಲ್ಲ. ಎರಡೂ ಬೇರೆ ಬೇರೆ ಕಂಪನಿ. ಹೆಸರು ಕೇಳಿ ನಮ್ಮದೇ ಅಂದುಕೊಂಡವರಿಗೆ ಲೆಕ್ಕವಿಲ್ಲ. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಅನ್ನುವುದನ್ನು ಅವಧಿ ಹಾಕಿ ಮೊದಲೇ ಆನ್ ಮಾಡಿರಬೇಕು. ಪಿನ್ ಒತ್ತುವ ಮೊದಲೇ ನಮ್ಮ ರೂಪಾಯಿಯಲ್ಲಿ ಎಷ್ಟು ಅಂತ ತೋರಿಸುತ್ತದೆ, ಅದು ಚೆಂದ. ಆದರೆ ವ್ಯಾಪಾರಿಯ ಕ್ಯೂಆರ್‌ಗೆ ಮಾತ್ರ. ಟ್ಯಾಕ್ಸಿಯವನು ತನ್ನ ಸ್ವಂತ ವಾಲೆಟ್ಟಿನ ಕ್ಯೂಆರ್ ಹಿಡಿದರೆ ದುಡ್ಡು ಹೋಗುವುದಿಲ್ಲ. ಊರಿನ ಸಿಮ್ ಫೋನಿನಿಂದ ತೆಗೆದರೆ ಆ್ಯಪ್ ಮತ್ತೆ ನೋಂದಣಿ ಕೇಳುತ್ತದೆ, ನೋಂದಣಿಗೆ ಆ ಸಿಮ್‌ನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಮತ್ತೆ ಅದೇ ಕಥೆ.

ಡಾಲರ್ ಕೊಂಡು ಹೋಗುವುದು ದಂಡ. ಕೊಳ್ಳುವಾಗ ಒಮ್ಮೆ, ಬದಲಿಸುವಾಗ ಒಮ್ಮೆ, ಎರಡು ಕಡೆ ಕಳೆದುಕೊಳ್ಳುತ್ತೀರಿ.

ನನ್ನ ಬಜೆಟ್ಟು ಧರ್ಮಶಾಲೆ, ದಾಲ್ ಭಾತ್, ಹಂಚಿಕೊಂಡ ಜೀಪು. ಅದಕ್ಕೆ ತಲೆಗೆ ಮೂರು ಕಟ್ಟು ಬೇಕಾದಷ್ಟಾಯಿತು: ಒಂದು ಸೊಂಟದ ಚೀಲದಲ್ಲಿ, ಒಂದು ಬ್ಯಾಗಿನ ತಳದಲ್ಲಿ, ಒಂದು ಎನ್‌ಸಿ ಆಗಿ ಜೇಬಿನಲ್ಲಿ. ಕಾರ್ಡು ಆಪತ್ತಿಗೆ, ಕ್ಯೂಆರ್ ಕಠ್ಮಂಡುವಿನ ದೊಡ್ಡ ಅಂಗಡಿಗೆ. ಮುಕ್ತಿನಾಥ 3,700 ಮೀಟರ್ ಮೇಲಿದೆ. ಅಲ್ಲಿ ಕುದುರೆಯವನಿಗೆ, ಜೀಪಿನವನಿಗೆ ನೆಟ್‌ವರ್ಕ್ ಬರಲಿ ಅಂತ ಕಾಯಿಸುವಂತಿಲ್ಲ. ದೊಡ್ಡ ಹೋಟೆಲಲ್ಲಿ ಇಳಿದು, ರೂಮಿನ ಬಿಲ್ಲಿಗೇ ಎಲ್ಲ ಸೇರಿಸುವವರಿಗೆ ಕಾರ್ಡೇ ಸರಿ, ಅವರಿಗೆ ಈ 900 ರೂಪಾಯಿ ಲೆಕ್ಕಕ್ಕಿಲ್ಲ.

ವಿಮಾನದಲ್ಲಿ ಹೋಗುವವರು ದುಡ್ಡಿನ ಜತೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ. 15ರಿಂದ 65ರ ಒಳಗಿನವರಿಗೆ ಆಧಾರ್ ನಡೆಯುವುದಿಲ್ಲ. ಗಡಿಯಾರ 15 ನಿಮಿಷ ಮುಂದಕ್ಕೆ ತಿರುಗಿಸಿ. ಪಶುಪತಿನಾಥದ ಗರ್ಭಗುಡಿಯ ಭಟ್ಟರು ಕರ್ನಾಟಕದ ಕಡೆಯವರೇ, ಆದರೆ ಹೊರಗಿನ ಹೂವಿನ ಅಂಗಡಿಯಲ್ಲಿ ವ್ಯವಹಾರ ಎನ್‌ಸಿಯಲ್ಲೇ. ಉಳಿದ ನೇಪಾಳಿ ನೋಟನ್ನು ಸೋನೌಲಿ ಅಥವಾ ರಕ್ಸೌಲ್ ಗಡಿ ದಾಟುವ ಮೊದಲೇ ಐಸಿ ಮಾಡಿಸಿ. ದಾವಣಗೆರೆಗೆ ತಂದರೆ ಆನೆ ಚಿತ್ರದ ಸಾವಿರದ ನೋಟು ಮೊಮ್ಮಕ್ಕಳಿಗೆ ತೋರಿಸುವುದಕ್ಕಷ್ಟೇ.